ಶಹಾಬಾದ್ ಕಲ್ಲಿನ ಮೇಲಿನ ಕೋಲು

೧೦ ಜೂನ್ ೨೦೨೪, ಸೋಮವಾರ

ಇವತ್ತು ಕಲಬುರಗಿಯಿಂದ ಮೈತ್ರೇಯಿ ಎಂಬ ಹುಡುಗಿ ನಮ್ಮ ಅಂಗನವಾಡಿಗೆ ಬಂದಿದ್ದಳು. ಚಿಕ್ಕ ಮಕ್ಕಳ ಕಲಿಕೆಯ ಮೇಲೆ ಸಂಶೋಧನೆ ಮಾಡುತ್ತಾಳಂತೆ. ಆಳಂದ, ಅಫಜಲಪುರ, ಜೇವರ್ಗಿ ಮೂರು ತಾಲೂಕು ಸೇರಿಸಿ ನಲವತ್ತೆರಡು ಕೇಂದ್ರ ಆರಿಸಿಕೊಂಡಿದ್ದಾಳೆ. ಮಗು ಒಂದನೆಯ ತರಗತಿಗೆ ಹೋಗುವ ಮೊದಲು ಏನೇನು ಕಲಿತಿರುತ್ತದೆ, ಅದರಲ್ಲಿ ಕಲಿಸಿದವಳ ಪಾಲು ಎಷ್ಟು ಎಂದು ಅವಳಿಗೆ ತಿಳಿಯಬೇಕು. ಮೂವತ್ತೊಂದು ವರ್ಷದಿಂದ ನಾನು ಇದೇ ಕೆಲಸ ಮಾಡುತ್ತಿದ್ದೇನೆ. ಅಕ್ಕಿಯ ತೂಕ ನೋಡಲು ಬಂದವರಿದ್ದಾರೆ, ಮೊಟ್ಟೆ ಎಣಿಸಲು ಬಂದವರಿದ್ದಾರೆ. ನೀವು ಹೇಗೆ ಕಲಿಸುತ್ತೀರಿ ಎಂದು ಕೇಳಲು ಬಂದವಳು ಇವಳೊಬ್ಬಳೇ.

ಅವಳು ಕುಳಿತಿದ್ದಾಗಲೇ ಮಕ್ಕಳ ಗದ್ದಲ ಹೆಚ್ಚಾಯಿತು. ನಾನು ಕೋಲಿನಿಂದ ನೆಲಕ್ಕೆ ಒಂದೇ ಪೆಟ್ಟು ಹಾಕಿದೆ. ಇಪ್ಪತ್ತೆಂಟು ಮುಖಗಳು ನನ್ನ ಕಡೆ ತಿರುಗಿದವು. ಈ ಕೋಲಿನಿಂದ ಇಲ್ಲಿಯವರೆಗೆ ಒಂದು ಮಗುವನ್ನೂ ಹೊಡೆದಿಲ್ಲ. ನೆಲ ಶಹಾಬಾದ್ ಕಲ್ಲಿನದು, ಕೆಳಗೆ ಟೊಳ್ಳು. ಪೆಟ್ಟು ಬಿದ್ದರೆ ಕೂತವರ ತೊಡೆಯವರೆಗೆ ನಡುಕ ಬರುತ್ತದೆ. ಮೈತ್ರೇಯಿ ಬೆರಗಾಗಿ ಅದನ್ನು ಬರೆದುಕೊಂಡಳು.

ಮಗುವಿಗೊಂದರಂತೆ ಅಚ್ಚು ಹಾಕಿದ ಹಾಳೆ ಕೊಟ್ಟಿದ್ದಾಳೆ, ದಿನವೂ ಬರೆಯಲು ಒಂದು ನೋಟುಬುಕ್ಕೂ ಕೊಟ್ಟಿದ್ದಾಳೆ. ಅದರಲ್ಲಿ ಬರೆಯುವುದನ್ನು ಅದರಲ್ಲಿ ಬರೆಯುತ್ತೇನೆ. ಇದು ಮಗ ಸಿದ್ದರಾಮೇಶನ ಹಳೆಯ ನೋಟುಬುಕ್ಕು, ಅರ್ಧ ಖಾಲಿ ಇತ್ತು. ಇದನ್ನು ಯಾರೂ ನೋಡುವಂತಿಲ್ಲ.

೧೮ ಜೂನ್, ಮಂಗಳವಾರ

ಹಾಳೆಯಲ್ಲಿ ಇಪ್ಪತ್ತು ಪ್ರಶ್ನೆಗಳಿವೆ. ಬಣ್ಣ ಗುರುತಿಸುತ್ತದೆಯೇ, ಎರಡು ಕೆಲಸ ಒಟ್ಟಿಗೆ ಹೇಳಿದರೆ ಮಾಡುತ್ತದೆಯೇ, ಹೀಗೆ. ನಾಲ್ಕನೆಯದು: ಹಿಂದೆ ನಿಂತು ಹೆಸರು ಕರೆದರೆ ಮಗು ತಿರುಗುತ್ತದೆಯೇ. ಮುಟ್ಟಬಾರದು, ಕೈಸನ್ನೆ ಮಾಡಬಾರದು ಎಂದು ಕೆಳಗೆ ಬರೆದಿದೆ.

ನಾನು ಕೋಲು ಬಡಿದು ಹೆಸರು ಕರೆದೆ. ಸಹಾಯಕಿ ಶಮಶಾದ ಪಾತ್ರೆ ತೊಳೆಯುತ್ತಲೇ, "ಟೀಚರ್, ಕೋಲು ನಡೀತದೇನ್ರಿ ಇದಕ್ಕ?" ಎಂದಳು. ಮುಟ್ಟಬಾರದು ಅಂತ ಬರೆದಿದೆ, ನಾನು ಕಲ್ಲನ್ನು ಮುಟ್ಟಿದ್ದೇನೆ, ಮಗುವನ್ನಲ್ಲ ಎಂದೆ. ಶಮಶಾದ ನಕ್ಕಳು. ನಾನು ನಗಲಿಲ್ಲ.

ಎಲ್ಲರೂ ತಿರುಗಿದರು. ಎಲ್ಲರಿಗಿಂತ ಮೊದಲು ತಿರುಗಿದವಳು ನನ್ನ ಮೊಮ್ಮಗಳು ಶಿವಗಂಗಾ. ನಾಲ್ಕು ವರ್ಷ ತುಂಬಿದೆ. ಇನ್ನೂ ಮಾತು ಬಂದಿಲ್ಲ, ಆದರೆ ಅಷ್ಟು ಲಕ್ಷ್ಯ ಬೇರೆ ಯಾವ ಮಗುವಿಗೂ ಇಲ್ಲ. ನಾನು ಮಾತನಾಡುವಾಗ ನನ್ನ ಬಾಯಿಯಿಂದ ಕಣ್ಣು ಕೀಳುವುದಿಲ್ಲ.

೭ ಜುಲೈ, ಭಾನುವಾರ

ಸೊಸೆ ಸೀಮಾ ಇವತ್ತು ಅಡಿಗೆಮನೆಯಿಂದಲೇ ಮಾತು ತೆಗೆದಳು. ಕೂಸು ಹೊರಸಿನ ಮೇಲೆ ಮಲಗಿದ್ದಾಗ ಕುಕ್ಕರ್ ನಾಲ್ಕು ಸೀಟಿ ಹೊಡೆದರೂ ಮಿಸುಕಲಿಲ್ಲವಂತೆ. ಕಲಬುರಗಿಯ ಕಿವಿ ಡಾಕ್ಟರಿಗೆ ಒಮ್ಮೆ ತೋರಿಸಬೇಕಂತೆ.

ನಿದ್ದೆ ಗಟ್ಟಿ ಇರುವ ಕೂಸು ಪುಣ್ಯವಂತ ಕೂಸು ಎಂದೆ. ಅವಳು ಬಿಡಲಿಲ್ಲ. "ಕರದ್ರ ಓ ಅನ್ನಂಗಿಲ್ರಿ ಅತ್ತಿ. ನೀವು ದಪದಪ ಹೆಜ್ಜಿ ಹಾಕ್ಕೋತ ಬಂದ್ರ ಅಷ್ಟೇ ತಿರುಗ್ತಾಳ."

"ನಿನ್ನ ಗಂಡನೂ ನಾಲ್ಕು ವರ್ಷ ತುಂಬೋತನ ಮೂಕ ಬಸವಣ್ಣನಂಗ ಇದ್ದ ಬೇ. ಈಗ ಜೇವರ್ಗಿ ಬಜಾರದಾಗ ಪಂಪ್ ರಿಪೇರಿ ಅಂಗಡಿ ಇಟ್ಕೊಂಡು ದಿನಾ ನೂರು ಮಂದಿ ಜೋಡಿ ಜಗಳಾಡ್ತಾನ. ನಮ್ಮ ಮನಿತನದಾಗ ಮಾತು ತಡದೇ ಬರೋದು. ಕಿವುಡರು ಯಾರೂ ಇಲ್ಲ. ಇದ್ರ ನಿನ್ನ ತವರಮನಿ ಕಡೆ ನೋಡ್ಕೋ."

ಅವಳು ಹಿಟ್ಟು ನಾದುವುದನ್ನು ನಿಲ್ಲಿಸಿದಳು, ಆಮೇಲೆ ಮತ್ತೆ ನಾದಿದಳು. ಸಿದ್ದರಾಮೇಶ ಎದ್ದು ಅಂಗಳಕ್ಕೆ ಹೋದ. ಸಾವಿರ ಮಕ್ಕಳನ್ನು ನೋಡಿದವಳು ನಾನು. ಒಂದೇ ಮಗು ಹೆತ್ತವಳು ನನಗೆ ಹೇಳಿಕೊಡುತ್ತಾಳೆ.

೧೨ ಆಗಸ್ಟ್, ಸೋಮವಾರ

ಪಂಚಮಿ ಮುಗಿದು ಮಕ್ಕಳೆಲ್ಲ ಬಂದರು. ಹಾಡು ಹೇಳಿಸಿದೆ. ಶಿವಗಂಗಾ ಎಲ್ಲರ ಜೊತೆ ತುಟಿ ಆಡಿಸುತ್ತಾಳೆ. ಹಾಡು ಮುಗಿದ ಮೇಲೂ ಸ್ವಲ್ಪ ಹೊತ್ತು ಆಡಿಸುತ್ತಿದ್ದಳು. ಹದಿನೈದನೆಯ ಪ್ರಶ್ನೆಗೆ, ಹಾಡಿನಲ್ಲಿ ಸೇರುತ್ತದೆಯೇ ಎಂಬುದಕ್ಕೆ, ಹೌದು ಎಂದು ಬರೆದೆ.

೧೯ ಸೆಪ್ಟೆಂಬರ್, ಗುರುವಾರ

ಮೈತ್ರೇಯಿ ತಪಾಸಣೆಗೆ ಬಂದಳು. ಪ್ರತಿ ಕೇಂದ್ರದಲ್ಲಿ ಐದು ಮಕ್ಕಳನ್ನು ಅವಳೇ ನೋಡುತ್ತಾಳೆ, ಕಲಿಸುವವರು ಬರೆದದ್ದಕ್ಕೂ ಅವಳು ಕಂಡದ್ದಕ್ಕೂ ತಾಳೆ ಇದೆಯೇ ಎಂದು. ಚೀಟಿ ಎತ್ತಿದಳು. ಮೂರನೆಯ ಚೀಟಿಯಲ್ಲಿ ಶಿವಗಂಗಾಳ ಹೆಸರು ಬಂತು.

ಕೂಸು ಹೊರಗೆ ಶಮಶಾದಳ ಹತ್ತಿರ ಇತ್ತು. ನಾನು ಮೈತ್ರೇಯಿಗೆ, ಅವಳಿಗೆ ಜ್ವರ, ಇವತ್ತು ಬಂದಿಲ್ಲ ಎಂದೆ. ಯಾಕೆ ಹಾಗೆ ಹೇಳಿದೆನೋ, ಬಾಯಿಯಿಂದ ಬಂತು. ಹೊರಗೆ ಹೋಗಿ ಶಮಶಾದಳಿಗೆ ಕೂಸನ್ನು ಮನೆಗೆ ಬಿಟ್ಟು ಬಾ ಎಂದೆ. ಆಕೆ ನನ್ನ ಮುಖ ನೋಡಿದಳು. "ಬಾ ಬೇಟಾ" ಎಂದು ಎತ್ತಿಕೊಂಡು ಹೋದಳು. ಮೈತ್ರೇಯಿ ಇನ್ನೊಂದು ಚೀಟಿ ಎತ್ತಿದಳು. ಐದು ಮಕ್ಕಳೂ ಚೆನ್ನಾಗಿ ಮಾಡಿದರು. ನಾನು ಬರೆದದ್ದಕ್ಕೂ ಅವಳು ಕಂಡದ್ದಕ್ಕೂ ಒಂದು ಕೂದಲೆಳೆಯ ಫರಕು ಇರಲಿಲ್ಲ.

ಸಂಜೆ ಸೊಸೆ ಕೇಳಿದಳು, ಆ ಮೇಡಂ ಬಂದಿದ್ದರಂತೆ, ನನಗೆ ಯಾಕೆ ಹೇಳಲಿಲ್ಲ, ನಾನು ಒಂದು ಮಾತು ಕೇಳುವುದಿತ್ತು ಎಂದು. ನೆಲೋಗಿ ಬಸ್ಸಿಗೆ ಹೋದಳು, ಈಗ ಜೇವರ್ಗಿಯನ್ನೂ ದಾಟಿರಬೇಕು ಎಂದೆ.

೨೦ ಸೆಪ್ಟೆಂಬರ್, ಶುಕ್ರವಾರ

ಕೂಸಿಗೆ ನೆಗಡಿ ಇದ್ದದ್ದು ನಿಜ. ಮೂಗು ಸೋರುತ್ತಿತ್ತು.

೨೬ ನವೆಂಬರ್, ಮಂಗಳವಾರ

ಮೈತ್ರೇಯಿಯ ಫೋನು. ನಲವತ್ತೆರಡು ಕೇಂದ್ರಗಳಲ್ಲಿ ನಮ್ಮದೇ ಮೊದಲು. ಒಂದು ಮಗುವೂ ಹಿಂದೆ ಬಿದ್ದಿಲ್ಲ. ಇಲ್ಲಿ ಕಲಿಸುವವರ ಪ್ರಭಾವ ಎದ್ದು ಕಾಣುತ್ತದೆ ಎಂದು ವರದಿಯಲ್ಲಿ ಬರೆದಿದ್ದಾಳಂತೆ. ಜನವರಿಯಲ್ಲಿ ಎರಡನೆಯ ಸುತ್ತು. ಅದಕ್ಕೆ ಒಂದು ಕೈಪಿಡಿ ಅಚ್ಚು ಹಾಕಿಸಿದ್ದಾರೆ. ಪ್ರಶ್ನೆ ಕೇಳುವ ಮೊದಲು ಕೋಲಿನಿಂದ ನೆಲ ಬಡಿದು ಮಕ್ಕಳ ಲಕ್ಷ್ಯ ಸೆಳೆಯಬೇಕು ಎಂಬ ನನ್ನ ಪದ್ಧತಿ ಅದರ ಒಂಬತ್ತನೆಯ ಪುಟದಲ್ಲಿದೆ. ಫೆಬ್ರವರಿಯಲ್ಲಿ ಜೇವರ್ಗಿಯ ಸಭೆಯಲ್ಲಿ ನಾನು ಮಾತನಾಡಬೇಕು, ಶಾಲು ಹೊದಿಸುತ್ತಾರೆ.

ನಮ್ಮೂರಲ್ಲಿ ಹತ್ತನೆಯ ತರಗತಿ ಪಾಸಾದ ಮೊದಲ ಹೆಣ್ಣು ನಾನು. ಮುಂದೆ ಓದಬೇಡ ಎಂದವರು ಈಗ ಇಲ್ಲ. ಇದ್ದಿದ್ದರೆ ಕರೆದುಕೊಂಡು ಹೋಗಿ ಮೊದಲನೆಯ ಸಾಲಿನಲ್ಲಿ ಕೂಡಿಸುತ್ತಿದ್ದೆ.

ರಾತ್ರಿ ಊಟಕ್ಕೆ ಸೊಸೆ ಹೋಳಿಗೆ ಮಾಡಿದ್ದಳು. ನಾನು ಹೇಳಿರಲಿಲ್ಲ. ನನ್ನ ತಾಟಿಗೆ ಎರಡು ಬಡಿಸಿದಳು.

೩೦ ಡಿಸೆಂಬರ್, ಸೋಮವಾರ, ಎಳ್ಳಮಾಸಿ

ಅಮಾವಾಸ್ಯೆಯ ಹಬ್ಬಕ್ಕೆಂದು ಎಲ್ಲರೂ ಹೊಲಕ್ಕೆ ಹೋದೆವು. ಸಜ್ಜೆ ಕಡುಬು, ಭಜ್ಜಿ, ಅಂಬಲಿ, ಎಲ್ಲ ಬುಟ್ಟಿಯಲ್ಲಿ ಕಟ್ಟಿಕೊಂಡು. ಹೊಲದ ದಾರಿಗೆ ಆಸರೆಯಾಗಲಿ ಎಂದು ನಾನು ಅಂಗನವಾಡಿಯ ಕೋಲನ್ನೇ ಹಿಡಿದಿದ್ದೆ. ಐದು ಕಲ್ಲು ಇಟ್ಟು ಪೂಜೆ ಮಾಡಿದೆವು. ಸಿದ್ದರಾಮೇಶ ಬೆಳೆಯೊಳಗೆ ನೈವೇದ್ಯದ ಚರಗ ಚೆಲ್ಲುತ್ತ ಕೂಗು ಹಾಕಿದ. ಅಕ್ಕಪಕ್ಕದ ಹೊಲದವರೂ ಕೂಗಿದರು. ಮಕ್ಕಳೆಲ್ಲ ಆ ಕೂಗಿನ ಕಡೆಗೆ ಓಡಿದವು. ಶಿವಗಂಗಾ ಒಬ್ಬಳೇ ಬಂಡಿದಾರಿಯ ನಡುವೆ ಕುಳಿತು ಕಡ್ಡಿಯಿಂದ ಮಣ್ಣು ಗೀರುತ್ತಿದ್ದಳು.

ಪಕ್ಕದ ಹೊಲದ ಮಾಳಿಂಗನ ಟ್ರಾಕ್ಟರು ರಿವರ್ಸಿನಲ್ಲಿ ಅವಳ ಕಡೆಗೆ ಬರುತ್ತಿತ್ತು. ಟ್ರಾಲಿಯ ತುಂಬ ಅವರ ಮನೆಯ ಮಂದಿ. ಡ್ರೈವರಿಗೆ ಹಿಂದೆ ಏನಿದೆಯೆಂದು ಕಾಣುವಂತಿರಲಿಲ್ಲ.

ನಾನು ಕರೆದೆ. ನನ್ನ ದನಿ ಊರ ಅಗಸಿಬಾಗಿಲಿನವರೆಗೆ ಕೇಳುತ್ತದೆ. ಅವಳು ತಿರುಗಲಿಲ್ಲ. ಮತ್ತೆ ಕರೆದೆ. ಕೋಲನ್ನು ಎತ್ತಿ ನೆಲಕ್ಕೆ ಬಡಿದೆ. ಸಡಿಲವಾದ ಎರೆಮಣ್ಣು, ಕೋಲು ಎರಡು ಬೆರಳು ಒಳಗೆ ಇಳಿಯಿತು, ಸದ್ದೇ ಬರಲಿಲ್ಲ. ಮತ್ತೆ ಬಡಿದೆ. ಮತ್ತೆ. ಅಷ್ಟರಲ್ಲಿ ಇಪ್ಪತ್ತು ಮಂದಿ ಒದರಿ ಟ್ರಾಕ್ಟರು ನಿಂತಿತು. ಗಾಲಿಯ ನೆರಳು ಮೈಮೇಲೆ ಬಿದ್ದಾಗ ಕೂಸು ತಲೆ ಎತ್ತಿ ನೋಡಿತು. ಒಂದು ಮೊಳ ಅಂತರವಿತ್ತು.

ಸೊಸೆ ಓಡಿಹೋಗಿ ಎತ್ತಿಕೊಂಡಳು. ನನ್ನ ಕೈಯಲ್ಲಿದ್ದ ಕೋಲನ್ನು ನೋಡಿದಳು.

೩೧ ಡಿಸೆಂಬರ್

ಬೆಳಿಗ್ಗೆ ಕೂಸು ಹೊರಸಿನ ಮೇಲೆ ಮಲಗಿತ್ತು. ತಲೆಯ ಹಿಂದೆ ನಿಂತು ತಾಟು ಬಡಿದೆ.

೧೬ ಜನವರಿ ೨೦೨೫, ಗುರುವಾರ

ಕಲಬುರಗಿಗೆ ಹೋಗಿ ಬಂದೆವು. ಸೀಮಾ, ಕೂಸು, ನಾನು. ತಲೆಗೆ ತಂತಿ ಅಂಟಿಸಿ ಮಲಗಿಸಿ ಪರೀಕ್ಷೆ ಮಾಡಿದರು. ಎರಡೂ ಕಿವಿ ಕೇಳುವುದಿಲ್ಲ. ಹುಟ್ಟಿದಾಗಿನಿಂದಲೇ ಇರಬೇಕು ಎಂದರು.

ಡಾಕ್ಟರು ಒಳ್ಳೆಯ ಮನುಷ್ಯ, ನಿಧಾನವಾಗಿ ಹೇಳಿದರು. ಕಿವಿಗೆ ಯಂತ್ರ ಹಾಕಿ ಕೆಲವು ತಿಂಗಳು ನೋಡೋಣ, ಅದರಿಂದ ಆಗದಿದ್ದರೆ ಆಪರೇಷನ್ನಿಗೆ ಬೆಂಗಳೂರಿಗೆ ಬರೆಯೋಣ. ಆದರೆ ಮಾತು ಕಲಿಯಲು ಮೊದಲ ಕೆಲವು ವರ್ಷಗಳೇ ಮುಖ್ಯ. ಎರಡು ವರ್ಷ ಮೊದಲೇ ಬಂದಿದ್ದರೆ ಬಹಳ ಬೇರೆಯಾಗುತ್ತಿತ್ತು. ಈಗ ಎಷ್ಟು ಬರುತ್ತದೆ ಎಂದು ಯಾರೂ ಖಾತ್ರಿ ಕೊಡಲಾರರು.

ಆಮೇಲೆ ಕೇಳಿದರು, ಮಗು ಅಂಗನವಾಡಿಗೆ ಹೋಗುತ್ತದಲ್ಲ, ಅಲ್ಲಿಯ ಟೀಚರಿಗೆ ಗೊತ್ತಾಗಲಿಲ್ಲವೇ ಎಂದು.

ನಾನು ಸೀಮಾಳ ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದೆ. ಅವಳು ಹೇಳಬಹುದಿತ್ತು. ಗೋಡೆಯ ಮೇಲಿನ ಕಿವಿಯ ಚಿತ್ರ ನೋಡುತ್ತ ಕುಳಿತಳು. ಹೇಳಲಿಲ್ಲ. ನಾನೂ ಹೇಳಲಿಲ್ಲ.

೧೭ ಜನವರಿ

ಬರೆಯುವುದು ಏನೂ ಇಲ್ಲ.

೨೭ ಜನವರಿ, ಸೋಮವಾರ

ಇವತ್ತು ಕೋಲು ಮೂಲೆಯಲ್ಲಿಟ್ಟು, ಬರಿಗಾಲಲ್ಲಿ ಒಬ್ಬೊಬ್ಬರ ಹಿಂದೆ ನಿಂತು ಕರೆದೆ. ಇಪ್ಪತ್ತೇಳು ಮಕ್ಕಳು ತಿರುಗಿದರು. ಉಳಿದವಳು ನನ್ನ ಮೊಮ್ಮಗಳೊಬ್ಬಳೇ. ಬೇರೆಯವರ ಮಗುವಾಗಿದ್ದರೆ ಇದನ್ನು ಹಿಡಿಯುತ್ತಿದ್ದೆನೇ ಎಂದು ಕೇಳಿಕೊಂಡೆ. ಹಿಡಿಯುತ್ತಿದ್ದೆ. ಮೂರು ದಿನದಲ್ಲಿ ಹಿಡಿದು, ತಾಯಿಯನ್ನು ಕರೆಸಿ ಬೈದು, ಡಾಕ್ಟರ ಹತ್ತಿರ ಕಳಿಸುತ್ತಿದ್ದೆ.

ಶಮಶಾದ ಪಕ್ಕದಲ್ಲಿ ಬಂದು ಕುಳಿತಳು. ಆಕೆಗೂ ಗೊತ್ತಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನಿಮಗ ಹೇಳೋ ಧೈರ್ಯ ಈ ಊರಾಗ ಯಾರಿಗದರಿ ಟೀಚರ್?" ಎಂದಳು. ಇಷ್ಟು ವರ್ಷ ಇದನ್ನು ಯಾರಾದರೂ ಅಂದರೆ ನನಗೆ ಹೆಮ್ಮೆಯಾಗುತ್ತಿತ್ತು.

ಮೈತ್ರೇಯಿಗೆ ಫೋನು ಮಾಡಿ, ಒಂದು ಮಗುವಿನ ಹಾಳೆ ತಪ್ಪಿದೆ ಎಂದೆ. ಸಭೆಯ ಗಡಿಬಿಡಿಯಲ್ಲಿದ್ದಳು. ಸಾವಿರ ಮಕ್ಕಳಲ್ಲಿ ಒಂದು ಹಾಳೆಯಿಂದ ಏನೂ ಆಗುವುದಿಲ್ಲ, ಜೇವರ್ಗಿಯಲ್ಲಿ ತಿದ್ದೋಣ ಎಂದಳು.

೧೧ ಫೆಬ್ರವರಿ, ಮಂಗಳವಾರ

ಇದನ್ನು ಬಿಡದೆ ಬರೆಯಬೇಕು.

ಜೇವರ್ಗಿಯ ಸಭೆಗೆ ಸೀಮಾ ಕೂಸನ್ನು ಎತ್ತಿಕೊಂಡು ಜೊತೆಗೆ ಬಂದಳು. ನಾನೇ ಬಾ ಎಂದಿದ್ದೆ. ಕೂಸಿನ ಒಂದು ತಪ್ಪು ಹಾಳೆಯನ್ನು ಮೈತ್ರೇಯಿಯ ಕೈಗೆ ಸದ್ದಿಲ್ಲದೆ ಕೊಟ್ಟು, ಶಾಲು ಬೇಡ ಎಂದು ಹೇಳಿ ಬಂದುಬಿಡಬೇಕೆಂದು ಮನಸ್ಸಿನಲ್ಲಿತ್ತು. ಸಭೆಯ ಬಾಗಿಲಲ್ಲಿ ಅಫಜಲಪುರದ ಕಡೆಯ ಒಬ್ಬ ಟೀಚರು ನನ್ನ ಕಾಲು ಮುಟ್ಟಿದಳು. ಅವಳ ಚೀಲದಿಂದ ಒಂದು ಕೋಲು ಹೊರಗೆ ಚಾಚಿತ್ತು. "ನಿಮ್ಮದು ನೋಡೇ ತಗೊಂಡೇನ್ರಿ. ಭಾಳ ಛಲೋ ನಡದದ" ಎಂದಳು. ಒಳಗೆ ನೋಡಿದೆ. ಗೋಡೆಗೆ ಒರಗಿಸಿದ್ದು, ಕುರ್ಚಿಗೆ ಸಿಕ್ಕಿಸಿದ್ದು, ತೊಡೆಯ ಮೇಲೆ ಇಟ್ಟುಕೊಂಡದ್ದು. ಸುಣ್ಣ ಬಳಿದದ್ದು ಒಂದು, ಬಣ್ಣದ ಕಾಗದ ಸುತ್ತಿದ್ದು ಒಂದು. ಎಲ್ಲ ಕಡೆ ಕೋಲು.

ಆವಾಗ ಹೊಳೆಯಿತು. ತಪ್ಪಿದ್ದು ಒಂದು ಹಾಳೆಯಲ್ಲ.

ವೇದಿಕೆಯ ಮೇಲೆ ಕರೆದರು. ಶಾಲು ಹೊದಿಸಲು ಬಂದಾಗ ಕೈ ಅಡ್ಡ ಹಿಡಿದೆ. ಮೈಕಿನ ಮುಂದೆ ನಿಂತು ಹೇಳಿದೆ.

"ಅಲ್ಲಿ ನನ್ನ ಸೊಸಿ ತೊಡಿ ಮ್ಯಾಲ ಕುಂತಾಳಲ್ಲ, ಅಕಿ ನನ್ನ ಮೊಮ್ಮಗಳು. ಹುಟ್ಟು ಕಿವುಡಿ. ನನ್ನ ಕೋಲಿಗೆ ಎಲ್ಲಾರಕಿಂತ ಮೊದಲು ತಿರುಗ್ತಿದ್ಳು, ಕಲ್ಲು ನಡುಗತಿತ್ತು ಅದಕ್ಕ. ಕೇಳಸ್ತದ ಅಂತ ನಾನೇ ಬರಕೊಟ್ಟೇನಿ. ತಪಾಸಣಿ ದಿನ ಕೂಸಿನ್ನ ಮುಚ್ಚಿಟ್ಟೇನಿ. ನಿಮ್ಮ ಕೋಲು ಇಲ್ಲೇ ಬಿಟ್ಟು ಹೋಗ್ರಿ."

ಯಾರೋ ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದರು.

ಹಿಂದಿನ ಕೋಣೆಯಲ್ಲಿ ಮೈತ್ರೇಯಿ ಲ್ಯಾಪ್‌ಟಾಪ್ ತೆರೆದು ನಾಲ್ಕನೆಯ ಪ್ರಶ್ನೆ ನೋಡಿದಳು. ಎರಡೂ ಸುತ್ತಿನ ಪಟ್ಟಿ ಪಕ್ಕಪಕ್ಕ ಇಟ್ಟಳು. ಆಮೇಲೆ ಹೇಳಿದಳು. "ಮೊದಲನೇ ಸುತ್ತಿನಾಗ ಹನ್ನೊಂದು ಮಕ್ಕಳು ತಿರುಗಿರಲಿಲ್ರಿ. ಎರಡನೇ ಸುತ್ತಿನಾಗ ಹನ್ನೊಂದೂ ತಿರುಗ್ಯಾವ. ಟೀಚರ್ ಪ್ರಭಾವದಿಂದ ಸುಧಾರಣಿ ಆಗ್ಯದ ಅಂತ ನಾವು ಬರದೇವಿ."

ಅವಳಿಗೆ ಮೂವತ್ತು ವರ್ಷ ಇರಬಹುದು. ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ನೋಡಬೇಕಿತ್ತು, ಕೋಲಿಲ್ಲದೆ ಒಮ್ಮೆ ಕರೆದು ನೋಡಬೇಕಿತ್ತು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹನ್ನೊಂದು ಹೆಸರು ಬರೆದು ಕೊಡು ಎಂದೆ. ಆ ಟೀಚರುಗಳಿಗೆ ಫೋನು ಮಾಡಿದರೆ ಸಾಕಲ್ಲ ಎಂದಳು. ಸಾಕಾಗುವುದಿಲ್ಲ. ನನಗೆ ಯಾರಾದರೂ ಫೋನು ಮಾಡಿದ್ದರೆ ನಾನು ನಂಬುತ್ತಿದ್ದೆನೇ?

ಬರುವಾಗ ಬಸ್ಸಿನಲ್ಲಿ ಸೀಮಾ ಕಿಟಕಿಯ ಕಡೆ ಕುಳಿತಿದ್ದಳು. ಕೂಸು ನನ್ನ ಮಡಿಲಲ್ಲಿ ಮಲಗಿತ್ತು. ಬಸ್ಸು ಕೂಡಿ ಊರಿಗೆ ಬರುವ ಹೊತ್ತಿಗೆ ಸೀಮಾ ಕೇಳಿದಳು, ಹನ್ನೊಂದು ಊರಿಗೆ ಒಬ್ಬರೇ ಹೋಗುತ್ತೀರೇನು ಎಂದು.

೬ ಮಾರ್ಚ್, ಗುರುವಾರ

ರಜೆಯ ದಿನಗಳಲ್ಲಿ ತಿರುಗುತ್ತಿದ್ದೇವೆ. ರಜೆ ಸಾಲದಿದ್ದಾಗ ಶಮಶಾದ ಕೇಂದ್ರ ನೋಡಿಕೊಳ್ಳುತ್ತಾಳೆ. ಎಂಟು ಮಕ್ಕಳ ಊರಿಗೆ ಹೋಗಿ ಬಂದೆವು. ಆರು ಮಕ್ಕಳು ಬರೀ ಸಂಕೋಚದವು, ಮೊದಲ ಸುತ್ತಿನಲ್ಲಿ ಅಂಗನವಾಡಿಗೆ ಹೊಸದಾಗಿ ಬಂದು ಹೆದರಿದ್ದವು. ಒಂದಕ್ಕೆ ಕಿವಿ ಸೋರುತ್ತದೆ, ಔಷಧಕ್ಕೆ ಹೋಗುತ್ತದೆ. ಇನ್ನೊಂದರ ಮನೆಗೆ ಬೀಗ. ತಂದೆತಾಯಿ ಕೆಲಸಕ್ಕೆಂದು ಪುಣೆಗೆ ಹೋಗಿದ್ದಾರೆ, ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ. ಆ ಕೂಸಿನ ಬಗ್ಗೆ ನೆರೆಯವಳು ಹೇಳಿದ್ದು ಇಷ್ಟೇ: ಬಹಳ ಒಳ್ಳೆಯ ಹುಡುಗಿ, ಸದ್ದೇ ಮಾಡುತ್ತಿರಲಿಲ್ಲ.

ಸಿದ್ದರಾಮೇಶ ನಿನ್ನೆ ಕೂಸಿನ ಕಿವಿಯ ಯಂತ್ರ ತೆಗೆದು ಒರೆಸಿ ಮತ್ತೆ ಹಾಕಿದ. ಎರಡು ವಾರವಾಯಿತು ಹಾಕಿ. ಅವಳು ಅದನ್ನು ಕಿತ್ತು ಹಾಕುತ್ತಾಳೆ.

೨೦ ಮಾರ್ಚ್, ಗುರುವಾರ

ಇವತ್ತು ಶಿವಗಂಗಾಳನ್ನೂ ಕರೆದುಕೊಂಡು ಆಳಂದ ತಾಲೂಕಿಗೆ, ಹಿರೋಳ್ಳಿಯಿಂದ ಇನ್ನೂ ಆಚೆಗೆ. ಭೂಸನೂರ ದಾಟುವವರೆಗೆ ಬಸ್ಸಿನ ಮುಂದೆ ಕಬ್ಬಿನ ಟ್ರಾಕ್ಟರುಗಳು, ಎರಡು ತಾಸು ತಡವಾಯಿತು. ಪಟ್ಟಿಯಲ್ಲಿದ್ದದ್ದು ಒಂದು ಗಂಡು ಕೂಸು, ಶಂಕರಲಿಂಗ ಎಂದು ಹೆಸರು, ಮೂರೂವರೆ ವರ್ಷ.

ಅಲ್ಲಿಯೂ ನೆಲ ಶಹಾಬಾದ್ ಕಲ್ಲಿನದೇ. ಚಪ್ಪಲಿ ಬಿಟ್ಟು, ಅಂಗಾಲು ಸದ್ದಾಗದಂತೆ ಇಟ್ಟು, ಸೀಮಾ ಹಿಂದೆ ನಿಂತಳು. ನಾನು ಮುಂದೆ ಕುಳಿತು ಕೂಸಿನ ಕಣ್ಣು ನೋಡಿದೆ. ಸೀಮಾ ಕರೆದಳು. ಮೂರು ಸಲ ಕರೆದಳು. ಕಣ್ಣು ಅಲುಗಲಿಲ್ಲ.

ಅಲ್ಲಿಯ ಟೀಚರು ತಲೆ ತಗ್ಗಿಸಿ ನಿಂತಳು. ಕೂಸಿನ ಅಜ್ಜಿಯನ್ನು ಕರೆಸಿದ್ದರು. ನನಗಿಂತ ಹತ್ತು ವರ್ಷ ಹಿರಿಯಳು, ಕಟ್ಟುಮಸ್ತು ಹೆಂಗಸು, ಸೆರಗು ಬಿಗಿದು ಬಾಗಿಲಲ್ಲೇ ನಿಂತಿದ್ದಳು. ಕಲಬುರಗಿಗೆ ತೋರಿಸಬೇಕು, ಮೂರೂವರೆ ವರ್ಷ ಅಂದರೆ ಇನ್ನೂ ಹೊತ್ತು ಮೀರಿಲ್ಲ ಎಂದು ನಾನು ಹೇಳಿದೆ.

"ಯಾಕ ತೋರಿಸ್ಬೇಕವ್ವಾ?" ಎಂದಳು. "ಮೊಂಡ ಅದಾನ, ಅಷ್ಟೇ. ಕೋಲು ಬಡೀರಿ, ಹ್ಯಾಂಗ ತಿರುಗ್ತಾನ ನೋಡ್ರಿ. ನಮ್ಮ ಮಂದ್ಯಾಗ ಮಾತು ತಡದೇ ಬರೋದು."

ಸೀಮಾ ನನ್ನ ಕಡೆ ನೋಡಲಿಲ್ಲ. ಬಗ್ಗಿ ಶಂಕರಲಿಂಗನ ಅಂಗಿಯ ಗುಂಡಿ ಹಾಕುತ್ತಿದ್ದಳು.

ನಾನು ಎಷ್ಟೋ ಹೇಳಬಹುದಿತ್ತು. ಹೇಳಿದರೆ ಈಕೆ ಕೇಳುವ ಹೆಂಗಸಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಶಿವಗಂಗಾ ಅಂಗಳದ ಬೇವಿನ ಕೆಳಗೆ ನಮಗೆ ಬೆನ್ನು ಮಾಡಿ ಉದುರಿದ ಎಲೆ ಆರಿಸುತ್ತ ಕುಳಿತಿದ್ದಳು. ಯಂತ್ರವನ್ನು ಕಿತ್ತು ಸೀಮಾಳ ಚೀಲಕ್ಕೆ ಹಾಕಿದ್ದಳು. ಆ ಮುದುಕಿಯ ಕೈ ಹಿಡಿದು ಬಾಗಿಲಿಗೆ ಕರೆದುಕೊಂಡು ಬಂದೆ.

"ಅಕಿ ನನ್ನ ಮೊಮ್ಮಗಳು, ಶಿವಗಂಗಾ. ಈಗ ನೋಡ್ರಿ" ಎಂದು ಕರೆದೆ.

ತಿರುಗಲಿಲ್ಲ. ಇನ್ನೊಮ್ಮೆ ಕರೆದೆ, ಊರ ಅಗಸಿಯವರೆಗೆ ಮುಟ್ಟುವ ದನಿಯಲ್ಲಿ. ಬೇವಿನ ಮೇಲಿನ ಕಾಗೆಗಳು ಎದ್ದವು. ಓಣಿಯಲ್ಲಿ ಹೋಗುತ್ತಿದ್ದವರು ನಿಂತು ತಿರುಗಿ ನೋಡಿದರು. ಮುದುಕಿ ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ಅಂಗಳ ನೋಡಿದಳು. ಕೂಸು ಎಲೆ ಆರಿಸಿ ಆರಿಸಿ ಮಡಿಲಿಗೆ ಹಾಕಿಕೊಳ್ಳುತ್ತಿತ್ತು.

ಆಕೆ ನಂಬುವವರೆಗೆ ಕರೆದೆ.